ಅಡಿಕೆ ಸೋಗೆ ತುಂಡು ಹಿಡಿದು ಧಾರವಾಡದ ಕೃಷಿ ಮೇಳಕ್ಕೆ

ಮೊದಲ ಸಲ ಧಾರವಾಡದ ಕೃಷಿ ಮೇಳಕ್ಕೆ ಹೋದಾಗ ನಾವು ಆರು ಜನ ಆರು ದಿಕ್ಕಿಗೆ ಮುಖ ಮಾಡಿ ತಿರುಗಿದ್ದೆವು. ಮಾವನಿಗೆ ದೋಟಿ, ಅಂದರೆ ಅಡಿಕೆ ಕೊನೆ (ಗೊನೆ) ಇಳಿಸುವ ಉದ್ದ ಕೋಲು, ನೋಡಬೇಕು, ಅತ್ತೆಗೆ ಹೂವು. ಮಗ ಟ್ರ್ಯಾಕ್ಟರ್ ಮೇಲೆ ಕೂತವನು ಇಳಿಯಲಿಲ್ಲ. ಮಗಳದ್ದು ಐಸ್‌ಕ್ರೀಮ್ ಹಟ. ನಮ್ಮನೆಯವರು ಫೋನ್ ಹಿಡಿದು ಒಬ್ಬೊಬ್ಬರನ್ನೇ ಹುಡುಕುವುದರಲ್ಲೇ ದಿನ ಕಳೆದರು. ರಾತ್ರಿ ಮನೆಗೆ ಬಂದು ಚೀಲ ಸುರಿದರೆ ಎರಡು ಕೆಜಿ ಬಣ್ಣದ ಕಾಗದ, ಒಂದು ಡಬ್ಬಿ ಪೇಡೆ, ಕೆಸರಾದ ಒಂಟಿ ಚಪ್ಪಲಿ. ಮರುದಿನ ಪಕ್ಕದ ಮನೆ ಅಕ್ಕ, "ಅಷ್ಟು ದೂರ ಹೋಗಿ ಎಂತ ತಂದ್ಯೆ?" ಅಂತ ಕೇಳಿದರೆ ಹೇಳಲು ಏನೂ ಇರಲಿಲ್ಲ.

ಆಮೇಲೆ ಮೂರು ನಾಲ್ಕು ಸಲ ಹೋಗಿ ಬಂದಿದ್ದೇವೆ. ಎಡವಿ ಎಡವಿ ಒಂದು ಕ್ರಮ ಕೂತಿದೆ. ನಮ್ಮ ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೂ, ಘಟ್ಟದ ಕೆಳಗಿನ ಕುಮಟಾ, ಅಂಕೋಲಾ, ಕಾರವಾರದವರಿಗೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಇದು ಯಾರ ಮೇಳ ಅಂತ ಮೊದಲು ತಿಳಿದುಕೊಳ್ಳಿ

ಮೇಳ ನಡೆಸುವುದು ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಅದರದೇ ಆವರಣದಲ್ಲಿ. 1986ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು. ನಮಗೇನೂ ಹೊರಗಿನದಲ್ಲ. ಶಿರಸಿಯ ಅರಣ್ಯ ಕಾಲೇಜು, ಶಿರಸಿಯ ಕೃಷಿ ವಿಜ್ಞಾನ ಕೇಂದ್ರ ಎರಡೂ ಅದರ ಕೆಳಗೇ ಬರುತ್ತವೆ. ಆದರೂ ಮೇಳದ ಮುಕ್ಕಾಲು ಪಾಲು ಬಯಲುಸೀಮೆಯದ್ದು. ಜೋಳ, ಕಡಲೆ, ಹತ್ತಿ, ಸೋಯಾ ಅವರೆ, ಗೋಧಿ, ಮೆಣಸಿನಕಾಯಿ. ಎಕರೆಗಟ್ಟಲೆ ಚಪ್ಪಟೆ ಹೊಲದಲ್ಲಿ ಓಡುವ ಯಂತ್ರಗಳು. ನಮ್ಮ ಅರ್ಧ ಎಕರೆ ತೋಟದ ಕಾಲುಸಂಕದ ಮೇಲೆ ಅವು ದಾಟುವುದೂ ಇಲ್ಲ.

ಇನ್ನೊಂದು ವಿಷಯ ನಮ್ಮ ಕಡೆ ಸುಮಾರು ಜನಕ್ಕೆ ಗೊತ್ತಿಲ್ಲ. 2008ರಲ್ಲಿ ಬಾಗಲಕೋಟೆಯಲ್ಲಿ ಬೇರೆ ತೋಟಗಾರಿಕೆ ವಿಶ್ವವಿದ್ಯಾಲಯ ಆಯಿತು. ಅಡಿಕೆ, ಕಾಳುಮೆಣಸು, ಏಲಕ್ಕಿ, ತೆಂಗು ಎಲ್ಲ ತೋಟಗಾರಿಕೆ ಬೆಳೆ. ಶಿರಸಿಯ ತೋಟಗಾರಿಕೆ ಕಾಲೇಜು ಆ ಬಾಗಲಕೋಟೆಯ ಕಡೆಗೆ ಸೇರಿದ್ದು. ಹಾಗಾಗಿ ಅಡಿಕೆಯ ಬಗ್ಗೆ ಆಳವಾಗಿ ಕೇಳುವುದಿದ್ದರೆ ಅದಕ್ಕೋಸ್ಕರ ಧಾರವಾಡಕ್ಕೇ ಹೋಗಬೇಕು ಅಂತಿಲ್ಲ, ಶಿರಸಿ ಪೇಟೆಗೆ ಹೋದ ದಿನ ಕೇಳಿಕೊಂಡು ಬರಬಹುದು. ಮೇಳದಲ್ಲಿ ಸಿಗುವ ಲಾಭ ಬೇರೆ. ರೋಗದವರು, ಕೀಟದವರು, ಮಣ್ಣಿನವರು, ಯಂತ್ರದವರು, ದನಕರುಗಳವರು ಒಂದೇ ದಿನ ಒಂದೇ ಕಡೆ ಕೂತಿರುತ್ತಾರೆ. ಅಷ್ಟನ್ನು ಹಿಡಿದುಕೊಂಡರೆ ಸಾಕು. ಉಳಿದದ್ದು ನೋಡಿ ಖುಷಿಪಡಲಿಕ್ಕೆ.

ದಿನ ಆರಿಸುವುದು

ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ನಾಲ್ಕು ದಿನ. ಇತ್ತೀಚೆಗೆ ಶನಿವಾರ ಶುರುವಾಗಿ ಮಂಗಳವಾರಕ್ಕೆ ಮುಗಿಯುತ್ತಿದೆ. ತಾರೀಖು ವರ್ಷವರ್ಷ ಬದಲಾಗುತ್ತದೆ, ಪೇಪರಿನಲ್ಲಿ ನೋಡಿಕೊಳ್ಳಿ.

ಭಾನುವಾರ ಬೇಡ. ಮಾರಿಕಾಂಬಾ ಜಾತ್ರೆಯಲ್ಲಿ ಗದ್ದುಗೆಯ ಹತ್ತಿರ ಹೇಗಿರುತ್ತದೆ ಗೊತ್ತಲ್ವಾ, ಭಾನುವಾರ ಮಧ್ಯಾಹ್ನದ ಮೇಳವೂ ಹಾಗೇ. ಮಕ್ಕಳಿಗೆ ಒಂದು ದಿನ ರಜೆ ಹಾಕಿಸಿ ಸೋಮವಾರ ಹೋಗುವುದು ಒಳ್ಳೆಯದು. ರಜೆ ಚೀಟಿಯಲ್ಲಿ ಜ್ವರ ಅಂತ ಬರೆಯಬೇಡಿ, ಕೃಷಿ ಮೇಳ ಅಂತಲೇ ಬರೆಯಿರಿ. ನಮ್ಮ ಮಗಳ ಟೀಚರ್ ರಜೆ ಕೊಟ್ಟು, ಬಂದ ಮೇಲೆ ಕ್ಲಾಸಿನಲ್ಲಿ ನಿಲ್ಲಿಸಿ ಹೇಳಿಸಿದರು. ಮಂಗಳವಾರವೂ ಆಗುತ್ತದೆ, ಆದರೆ ಕೊನೆಯ ದಿನ ಊಟವಾಗುವಷ್ಟರಲ್ಲಿ ಕೆಲವು ಮಳಿಗೆಯವರು ಗಂಟು ಕಟ್ಟಲು ಶುರು ಮಾಡುತ್ತಾರೆ.

ಒಂದು ವಾರ ಮೊದಲು: ಒಬ್ಬರಿಗೆ ಒಂದು ಪ್ರಶ್ನೆ

ಇಡೀ ಬರಹದಲ್ಲಿ ಇದೊಂದನ್ನೇ ಓದಿ ಹೋದರೂ ನನಗೆ ಬೇಜಾರಿಲ್ಲ.

ರಾತ್ರಿ ಊಟವಾದ ಮೇಲೆ ಎಲ್ಲರೂ ಕೂತು, ಒಬ್ಬೊಬ್ಬರಿಗೆ ಒಂದರಂತೆ ಪ್ರಶ್ನೆ ಬರೆಯಿರಿ. ಮಕ್ಕಳಿಗೂ ಒಂದು. "ಅಡಿಕೆಗೆ ರೋಗ ಬಂದಿದೆ, ಏನು ಮಾಡಬೇಕು" ಅಂದರೆ ಪ್ರಶ್ನೆ ಆಗಲಿಲ್ಲ. ಅದಕ್ಕೆ ಉತ್ತರವಾಗಿ ಒಂದು ಕರಪತ್ರ ಸಿಗುತ್ತದೆ, ಅಷ್ಟೇ. "ತೆಂಕು ಮೂಲೆಯ ಇಪ್ಪತ್ತು ಮರದಲ್ಲಿ ಮಾತ್ರ ಕೆಳಗಿನ ಸೋಗೆಗಳಿಗೆ ಕಂದು ಚುಕ್ಕಿ ಬಿದ್ದಿದೆ. ಜೂನಿನಲ್ಲಿ ಒಂದು ಸಲ, ಜುಲೈಯಲ್ಲಿ ಒಂದು ಸಲ ಮದ್ದು ಹೊಡೆದಿದ್ದೇವೆ. ಆದರೂ ಹೆಚ್ಚುತ್ತಿದೆ" ಅಂತ ಹೇಳಿ ನೋಡಿ. ಎದುರಿಗೆ ಕೂತವರು ಕುರ್ಚಿ ಮುಂದೆ ಎಳೆದುಕೊಳ್ಳುತ್ತಾರೆ. ನಾನು ಕಣ್ಣಾರೆ ಕಂಡಿದ್ದು.

ನಮ್ಮನೆಯ ಕಳೆದ ಸಲದ ಪಟ್ಟಿ ಹೀಗಿತ್ತು. ಮಾವನದ್ದು, ಉದ್ದ ದೋಟಿಯಲ್ಲಿ ಎಷ್ಟು ಎತ್ತರದವರೆಗೆ ಒಬ್ಬನೇ ಕೊನೆ ಇಳಿಸಬಹುದು? ಅತ್ತೆಯದ್ದು, ಕರುವಿಗೆ ಜಂತುಹುಳದ ಔಷಧಿ ಯಾವ ವಯಸ್ಸಿಗೆ, ಎಷ್ಟು ದಿನಕ್ಕೊಮ್ಮೆ? ನಮ್ಮನೆಯವರದ್ದು ಎಲೆಚುಕ್ಕಿ. ನನ್ನದು, ಕೈತೋಟದ ಬೆಂಡೆ ಎಲೆ ಯಾಕೆ ಹಳದಿ ಜಾಲರಿಯಾಗುತ್ತದೆ? ಮಗನದ್ದು, ಜಗತ್ತಿನಲ್ಲಿ ಎಲ್ಲಕ್ಕಿಂತ ಉದ್ದದ ಹುಳ ಯಾವುದು? ಮಗಳಿಗೆ ಬರೆಯಲು ಬರುವುದಿಲ್ಲ. ಚಿತ್ರ ಬಿಡಿಸಿದಳು. ಅದು ಕುದುರೆಯೋ ಎಮ್ಮೆಯೋ ಇನ್ನೂ ತೀರ್ಮಾನವಾಗಿಲ್ಲ.

ಕರಾವಳಿಯವರದ್ದು ಬೇರೆಯೇ ಇರುತ್ತದೆ. ಗಜನಿಗೆ, ಅಂದರೆ ಹಿನ್ನೀರ ಪಕ್ಕದ ತಗ್ಗು ಗದ್ದೆಗೆ, ಉಪ್ಪುನೀರು ನುಗ್ಗಿದರೆ ಕಗ್ಗ ಭತ್ತ ಬಿಟ್ಟು ಬೇರೆ ಏನು ತಡೆದೀತು, ಭತ್ತ ಕೊಯ್ದ ಮೇಲೆ ಮರಳು ಗದ್ದೆಗೆ ಯಾವ ಶೇಂಗಾ ಹಾಕಬೇಕು, ಕುಮಟಾದ ಸಿಹಿ ಈರುಳ್ಳಿ ಯಾಕೆ ಬೇಗ ಕೊಳೆಯುತ್ತದೆ, ಇಂಥವು. ಈ ಮೂರನ್ನೂ ಧೈರ್ಯವಾಗಿ ಕೇಳಿ. ಮುಂಡಗೋಡ, ಹಳಿಯಾಳ, ಬನವಾಸಿ ಕಡೆಯ ಭತ್ತದವರಿಗಂತೂ ಮೇಳ ಹೇಳಿ ಮಾಡಿಸಿದ್ದು. ಧಾರವಾಡದ ಪಕ್ಕದ ಮುಗದದಲ್ಲಿ ಅವರದೇ ಭತ್ತದ ಸಂಶೋಧನಾ ಕೇಂದ್ರವಿದೆ.

ಹಿಂದಿನ ದಿನ: ಎಲೆ ಕಟ್ಟುವುದು

ಪ್ರಶ್ನೆಯ ಜೊತೆ ಸಾಕ್ಷಿಯೂ ಹೋಗಬೇಕು. ಬಾಯಲ್ಲಿ ಹೇಳಿದ ಚುಕ್ಕಿಗೂ ಕಣ್ಣೆದುರಿನ ಚುಕ್ಕಿಗೂ ತುಂಬ ವ್ಯತ್ಯಾಸ.

ಪೂರ್ತಿ ಒಣಗಿ ಸುಟ್ಟಂತಾದ ಸೋಗೆ ಒಯ್ಯಬೇಡಿ. ಅದರಲ್ಲಿ ಮೂಲ ರೋಗ ಯಾವುದು, ಸತ್ತ ಮೇಲೆ ಸೇರಿಕೊಂಡದ್ದು ಯಾವುದು ಅಂತ ಯಾರಿಗೂ ಹೇಳಲಾಗುವುದಿಲ್ಲ. ಆಗಷ್ಟೇ ಚುಕ್ಕಿ ಶುರುವಾದದ್ದು, ಅರ್ಧ ಹಸಿರು ಅರ್ಧ ಕಂದು ಇರುವುದು ಬೇಕು. ಅದರಲ್ಲಿ ಎರಡು ಮೂರು ಎಲೆಗರಿ ಕೊಯ್ದು, ಮೇಲಿನ ನೀರು ಒರೆಸಿ, ಹಳೆ ಪೇಪರಿನ ಮಡಿಕೆಯಲ್ಲಿ ಚಪ್ಪಟೆಯಾಗಿ ಇಡಿ. ಪ್ಲಾಸ್ಟಿಕ್ ಕೊಟ್ಟೆಗೆ ಹಾಕಲೇಬೇಡಿ. ನಾವು ಒಮ್ಮೆ ಹಾಲಿನ ಪ್ಯಾಕೆಟ್ಟಿನಲ್ಲಿ ತುಂಬಿಕೊಂಡು ಹೋಗಿದ್ದೆವು. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಬೆವರಿ ಕಪ್ಪಾಗಿತ್ತು. ಬಿಚ್ಚಿದರೆ ಅಡಿಕೆ ಗೊಬ್ಬರದ ವಾಸನೆ.

ಉದುರಿದ ಕಾಯಿ ಇದ್ದರೆ ನಾಲ್ಕೈದು, ಅದೂ ಪೇಪರಿನಲ್ಲಿ. ಇಡೀ ಮರದ ಫೋಟೊ, ಬುಡದ ಫೋಟೊ, ತೋಟದ ಫೋಟೊ ಫೋನಿನಲ್ಲಿರಲಿ. ಹೊಡೆದ ಔಷಧಿಯ ಡಬ್ಬಿಯ ಚೀಟಿಯನ್ನೂ ಫೋಟೊ ತೆಗೆದುಕೊಳ್ಳಿ. "ಅದೇ, ನೀಲಿ ಡಬ್ಬಿಯದ್ದು" ಅಂದರೆ ಯಾರಿಗೆ ಏನು ಗೊತ್ತಾಗಬೇಕು? ಬೋರ್ಡೋ ದ್ರಾವಣವಾದರೆ ಅಳತೆ ಬರೆದುಕೊಂಡಿರಿ. ಶೇಕಡಾ 1ರ ದ್ರಾವಣ ಅಂದರೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಇದು ಕೈಯಳತೆಯ ಮೇಲೇ ನಡೆಯುತ್ತದೆ, ಅಲ್ವಾ? ಮದ್ದು ಹಿಡಿಯಲಿಲ್ಲ ಅಂತ ಬೈಯುವ ಮೊದಲು ಸುಣ್ಣ ಸಾಕಾಗಿತ್ತೋ ಇಲ್ಲವೋ ಅಂತ ಕೇಳುತ್ತಾರೆ. ತಿಕ್ಕಿ ಹೊಳೆಯುವ ಕತ್ತಿಯ ತುದಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಪು ತಾಮ್ರದ ಬಣ್ಣ ಹಿಡಿದರೆ ಸುಣ್ಣ ಕಡಿಮೆ ಅಂತ ಅರ್ಥ.

ಮಣ್ಣು ಹೊತ್ತುಕೊಂಡು ಹೋಗುವುದು ಬೇಡ. ಅದನ್ನು ಇಲ್ಲೇ ಪರೀಕ್ಷೆ ಮಾಡಿಸಿ, ವರದಿಯ ಕಾಗದ ಒಯ್ಯಿರಿ.

ಎಲೆ ತೋರಿಸಿ ಆದ ಮೇಲೆ ಅಲ್ಲೇ ಕಸದ ಬುಟ್ಟಿಗೆ ಹಾಕಿ ಬನ್ನಿ. ರೋಗದ ಎಲೆಯನ್ನು ದಾರಿಯಲ್ಲಿ ಬಿಸಾಡುವುದೂ ಬೇಡ, ನೆಂಟರ ತೋಟಕ್ಕೆ ಇಳಿಸುವುದೂ ಬೇಡ.

ದಾರಿ

ಶಿರಸಿಯಿಂದ ಎರಡು ದಾರಿ. ಮುಂಡಗೋಡ, ತಡಸ, ಹುಬ್ಬಳ್ಳಿ ಮೇಲಿಂದ ಒಂದು. ಯಲ್ಲಾಪುರ, ಕಲಘಟಗಿ ಮೇಲಿಂದ ಇನ್ನೊಂದು. ಕಲಘಟಗಿಯಿಂದ ಹುಬ್ಬಳ್ಳಿ ಮುಟ್ಟದೆ ನೇರ ಧಾರವಾಡಕ್ಕೆ ಹೋಗಬಹುದು. ಎರಡರಲ್ಲೂ ಮೂರು ಗಂಟೆ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಕಾರವಾರದವರು ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರ, ಕಲಘಟಗಿ. ಲಾರಿ ಹಿಂದೆ ಸಿಕ್ಕಿಕೊಂಡರೆ ಅರಬೈಲಿನಲ್ಲಿ ಗಡಿಯಾರ ನೋಡಬೇಡಿ. ಬೆಳಗಾಗುವ ಮೊದಲೇ ಘಟ್ಟ ಹತ್ತಿಬಿಡಿ. ಕುಮಟಾದಿಂದ ದೇವಿಮನೆ ಘಟ್ಟದ ಮೇಲೆ ಬರುವವರು ಮಳೆಗಾಲವಾದ್ದರಿಂದ ರಸ್ತೆ ತೆರೆದಿದೆಯಾ ಅಂತ ಹಿಂದಿನ ದಿನವೇ ವಿಚಾರಿಸಿ. ರೈಲಿನ ಮಾತು ಬೇಡ. ಹುಬ್ಬಳ್ಳಿ ಅಂಕೋಲಾ ರೈಲು ನಾನು ಹುಟ್ಟಿದಾಗಿನಿಂದ ಬರುತ್ತಲೇ ಇದೆ.

ಬಸ್ಸಿನಲ್ಲಿ ಹೋದರೂ ಕಷ್ಟವಿಲ್ಲ. ಹುಬ್ಬಳ್ಳಿವರೆಗೆ ಸಾರಿಗೆ ಬಸ್ಸು, ಅಲ್ಲಿಂದ ಧಾರವಾಡಕ್ಕೆ ಚಿಗರಿ ಬಸ್ಸು. ಹೆಂಗಸರಿಗೆ 2023ರ ಜೂನಿನಿಂದ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆ ಇದೆ, ಆಧಾರ್ ಕಾರ್ಡ್ ಮರೆಯಬೇಡಿ. ವಿಶ್ವವಿದ್ಯಾಲಯ ಇರುವುದು ಧಾರವಾಡ ಪೇಟೆ ದಾಟಿ ಬೆಳಗಾವಿ ರಸ್ತೆಯಲ್ಲಿ. ಬೀಜದ ಮೂಟೆ ತರುವ ಆಲೋಚನೆ ಇದ್ದರೆ ಮಾತ್ರ ಕಾರು. ಕಾರು ನಿಲ್ಲಿಸಿದ ಜಾಗದ ಫೋಟೊ ತೆಗೆದುಕೊಳ್ಳಿ. ಸಂಜೆ ಎಲ್ಲ ಕಾರೂ ಬಿಳಿ, ಎಲ್ಲದರ ಮೇಲೂ ಅದೇ ಧೂಳು.

ಚೀಲದಲ್ಲಿ ಏನಿರಬೇಕು

ಕೊಡೆ, ನೀರು, ಟೋಪಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಚಪ್ಪಲಿ. ಅಲ್ಲಿಯದು ಎರೆಮಣ್ಣು. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನ ಮೇಲೆ ಮಳೆ ಬಂದರೆ ನೀರು ಹರಿದುಹೋಗುತ್ತದೆ, ಕಾಲು ಜಾರೀತು ಅಷ್ಟೇ. ಎರೆ ಹಾಗಲ್ಲ. ಒಂದು ಮಳೆ ಬಿದ್ದರೆ ಸಾಕು, ಹಲಸಿನ ಮೇಣದ ಹಾಗೆ ಹಿಡಿದುಕೊಳ್ಳುತ್ತದೆ. ಒಂದೊಂದು ಹೆಜ್ಜೆಗೂ ಚಪ್ಪಲಿ ಒಂದು ಇಂಚು ದಪ್ಪವಾಗುತ್ತಾ ಹೋಗುತ್ತದೆ. ಮೊದಲ ಸಲ ಅತ್ತೆಯ ಹವಾಯಿ ಚಪ್ಪಲಿ ಬೆಳೆ ನೋಡುವ ತಾಕಿನ ಬದುವಿನ ಹತ್ತಿರ ಸಿಕ್ಕಿಕೊಂಡು, ಕಾಲು ಮಾತ್ರ ಮೇಲೆ ಬಂತು. ಪಕ್ಕದಲ್ಲಿ ನಿಂತಿದ್ದ ಒಬ್ಬರು ಅಜ್ಜ ನಕ್ಕು, "ಜಗ್ಗಬ್ಯಾಡ್ರಿ ಅಕ್ಕಾರ, ಹಿಮ್ಮಡಿ ಕಡೆಯಿಂದ ಎತ್ರಿ" ಅಂದರು. ಎತ್ತಿದ್ದು ಒಂದೇ. ಇನ್ನೊಂದರ ಉಂಗುಷ್ಠ ಕಿತ್ತು ಮಣ್ಣಿನಲ್ಲೇ ಉಳಿಯಿತು. ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಹಳೆ ಬೂಟು ಹಾಕಿಕೊಳ್ಳಿ. ಕಾರಿನಲ್ಲಿ ಇನ್ನೊಂದು ಜೊತೆ ಇರಲಿ.

ಒಂದು ಗಟ್ಟಿ ಬಟ್ಟೆ ಚೀಲ, ಒಂದು ನೋಟ್‌ಬುಕ್, ಪೆನ್ನು, ಫೋನಿಗೆ ಪವರ್‌ಬ್ಯಾಂಕ್. ತಿನ್ನಲಿಕ್ಕೆ ಸುಕೇಳಿ (ಒಣಗಿಸಿದ ಬಾಳೆಹಣ್ಣು), ಹುರಿದ ಅವಲಕ್ಕಿ. ತೆಳ್ಳೇವು (ತೆಳು ದೋಸೆ) ಕಟ್ಟಿಕೊಂಡು ಹೋಗಬೇಡಿ, ಮಧ್ಯಾಹ್ನಕ್ಕೆ ಒದ್ದೆ ಬಟ್ಟೆಯಾಗಿರುತ್ತದೆ.

ಒಳಗೆ ಕಾಲಿಟ್ಟ ಮೇಲಿನ ಹತ್ತು ನಿಮಿಷ

ಯಾವ ಮಳಿಗೆಗೂ ನುಗ್ಗಬೇಡಿ. ದ್ವಾರದ ಹತ್ತಿರ ನಿಂತು ಎಲ್ಲರಿಗೂ ಕಾಣುವ ಒಂದು ಗುರುತು ಆರಿಸಿ. ಮರ, ನೀರಿನ ಟ್ಯಾಂಕು, ಕಟ್ಟಡ, ಹೀಗೆ ಜಾಗ ಬಿಟ್ಟು ಹೋಗದ್ದು ಏನಾದರೂ. "ಕಬ್ಬಿನ ಹಾಲಿನ ಗಾಡಿ ಹತ್ತಿರ" ಅಂತ ನಾವೊಮ್ಮೆ ಹೇಳಿಕೊಂಡಿದ್ದೆವು. ಗಾಡಿಯವನು ಗಿರಾಕಿ ಹುಡುಕಿಕೊಂಡು ಹೋಗಿಬಿಟ್ಟಿದ್ದ. ಗಂಟೆ ಹನ್ನೆರಡೂವರೆಗೆ, ಮೂರೂವರೆಗೆ ಎಲ್ಲರೂ ಅಲ್ಲಿ ಸೇರಬೇಕು ಅಂತ ಮಾಡಿ. ಜನ ಜಾಸ್ತಿಯಾದಾಗ ಫೋನ್ ಹತ್ತುವುದಿಲ್ಲ, ಫೋನ್ ನಂಬಬೇಡಿ. ಸಣ್ಣ ಮಕ್ಕಳ ಜೇಬಿನಲ್ಲಿ ಇಬ್ಬರ ನಂಬರ್ ಬರೆದ ಚೀಟಿ. ಹೆಸರು ಅಂಗಿಯ ಹೊರಗೆ ಬರೆಯುವುದು ಬೇಡ, ಹೆಸರು ಕರೆದವರ ಹಿಂದೆ ಮಕ್ಕಳು ಹೋಗಿಬಿಡುತ್ತವೆ.

ಆಮೇಲೆ ಗುಂಪು ಒಡೆಯಿರಿ. ಇಬ್ಬರು ಪ್ರಶ್ನೆ ಕೇಳಲು, ಇಬ್ಬರು ಮಕ್ಕಳ ಜೊತೆ. ಮಧ್ಯಾಹ್ನದ ಮೇಲೆ ಅದಲು ಬದಲು.

ಬೆಳಿಗ್ಗೆ: ಮೊದಲು ಪ್ರಶ್ನೆ, ಆಮೇಲೆ ತಿರುಗಾಟ

ಹತ್ತು ಗಂಟೆಗೆ ವಿಜ್ಞಾನಿಗಳ ಮುಖದಲ್ಲಿ ಕಳೆ ಇರುತ್ತದೆ, ಎದುರಿಗೆ ಸರತಿ ಇರುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಅದೇ ಮನುಷ್ಯ ನೂರು ಜನಕ್ಕೆ ಉತ್ತರ ಹೇಳಿ ಸೋತಿರುತ್ತಾನೆ. ಹಾಗಾಗಿ ಎಲೆ ಮೊದಲು.

ಉತ್ತರವನ್ನು ಅಲ್ಲೇ ನಿಂತು ಬರೆದುಕೊಳ್ಳಿ. ಔಷಧಿಯ ಹೆಸರು ಹೇಳಿದರೆ ಕಂಪನಿಯ ಹೆಸರಲ್ಲ, ಒಳಗಿನ ಮದ್ದಿನ ಹೆಸರು, ಲೀಟರಿಗೆ ಎಷ್ಟು, ಎಷ್ಟು ದಿನ ಬಿಟ್ಟು ಇನ್ನೊಮ್ಮೆ ಅಂತ ಮೂರನ್ನೂ ಬರೆಸಿಕೊಳ್ಳಿ. "ಮಳೆ ನಿಂತಿಲ್ಲ, ಈಗ ಹೊಡೆಯಬಹುದಾ?" ಅಂತ ತಪ್ಪದೆ ಕೇಳಿ. ಧಾರವಾಡದಲ್ಲಿ ಬಿಸಿಲಿದ್ದರೂ ಅದೇ ಹೊತ್ತಿಗೆ ನಮ್ಮ ತೋಟದಲ್ಲಿ ನೀರು ತೊಟ್ಟಿಕ್ಕುತ್ತಿರುತ್ತದೆ. ನಾವು ಹೇಳದಿದ್ದರೆ ಅವರಿಗೆ ಅದು ಹೇಗೆ ಹೊಳೆಯಬೇಕು? ನಮ್ಮನೆಯವರ ಸೋಗೆ ನೋಡಿದ ಮೇಡಂ ಭೂತಗನ್ನಡಿ ಹಿಡಿದು ಎರಡು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಮೊದಲು ಕೇಳಿದ್ದು, "ಬಿದ್ದ ಸೋಗೆ ತೋಟದಲ್ಲೇ ಬಿಡ್ತೀರಾ?" ಬಿಡುತ್ತಿದ್ದೆವು. ಮದ್ದಿನ ಮಾತು ಆಮೇಲೆ ಬಂತು.

ಅತ್ತೆಗೆ ಕರುವಿನ ಉತ್ತರ ದನಗಳ ವಿಭಾಗದಲ್ಲಿ ಸಿಕ್ಕಿತು, ಐದೇ ನಿಮಿಷ. ನನ್ನ ಬೆಂಡೆಯ ಹಳದಿ ಜಾಲರಿ ವೈರಸ್ಸಂತೆ, ಹರಡುವುದು ಬಿಳಿನೊಣ. ಹಿಡಿದ ಗಿಡ ಕಿತ್ತು ಹಾಕಬೇಕು, ಬೇರೆ ದಾರಿಯಿಲ್ಲ. ನಾನು ಅಷ್ಟು ದಿನ ಅದಕ್ಕೆ ಬೂದಿ ಹಾಕುತ್ತಿದ್ದೆ.

ಯಂತ್ರದ ಸಾಲು

ಇಲ್ಲಿ ಜೇಬು ಭದ್ರ.

ಕೆಲವು ವರ್ಷದ ಹಿಂದೆ ಹೀಗೇ ಒಂದು ಮೇಳದಲ್ಲಿ ಕಳೆ ಕೊಚ್ಚುವ ಯಂತ್ರ ಕೊಂಡೆವು. ಮೇಳದ ರಿಯಾಯಿತಿ ಇವತ್ತೊಂದೇ ದಿನ ಅಂದರು. ಎರಡನೇ ಮಳೆಗಾಲಕ್ಕೆ ಒಂದು ಸಣ್ಣ ಬಿಡಿಭಾಗ ಹೋಯಿತು. ಶಿರಸಿಯಲ್ಲಿ ಸಿಗಲಿಲ್ಲ, ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ಮಾರಿದವರು ಫೋನ್ ಎತ್ತುವುದನ್ನೇ ಬಿಟ್ಟರು. ಈಗದು ಅಟ್ಟದ ಮೇಲಿದೆ. ಅದಕ್ಕೇ ಈಗ ಯಂತ್ರ ನೋಡಿದ ಕೂಡಲೇ ಬೆಲೆ ಕೇಳುವುದಿಲ್ಲ. ಶಿರಸಿಯಲ್ಲೋ ಕುಮಟಾದಲ್ಲೋ ರಿಪೇರಿ ಮಾಡುವವರು ಯಾರು, ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತ ಕೇಳುತ್ತೇವೆ. ಊರಿನ ಹೆಸರು ಹೇಳಲು ತಡವರಿಸಿದರೆ ಮುಂದಿನ ಮಳಿಗೆ. ಸರಿ ಅನ್ನಿಸಿದರೂ ಮುಂಗಡ ಕೊಡಬೇಡಿ, ಜಿಎಸ್‌ಟಿ ಸೇರಿದ ಬೆಲೆಯನ್ನು ಕಾಗದದ ಮೇಲೆ ಬರೆಸಿಕೊಂಡು ಬನ್ನಿ.

ಸಬ್ಸಿಡಿ ಅಂತ ದೊಡ್ಡ ಅಕ್ಷರದ ಬೋರ್ಡು ಎಲ್ಲ ಕಡೆ ಇರುತ್ತದೆ. ಸಬ್ಸಿಡಿ ಕೊಡುವುದು ಮಳಿಗೆಯವರಲ್ಲ, ಇಲಾಖೆ. ಸಾಮಾನ್ಯವಾಗಿ ಮೊದಲು ಅರ್ಜಿ, ಮಂಜೂರಾತಿ, ಆಮೇಲೆ ಖರೀದಿ. ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ಸಂಖ್ಯೆ, ಬೇಕು. ಪೂರ್ತಿ ದುಡ್ಡು ಕೊಟ್ಟು ಮನೆಗೆ ತಂದು ಆಮೇಲೆ ರೈತ ಸಂಪರ್ಕ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ಓಡಿದರೆ ಕೈಗೆ ಏನೂ ಹತ್ತದೆ ಹೋಗಬಹುದು. ಹೋಗುವ ಮೊದಲೇ ಅಲ್ಲಿ ವಿಚಾರಿಸಿ.

ಈಗ ದೋಟಿ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಸಿಗುವುದೇ ಕಷ್ಟವಾಗಿರುವ ಕಾಲದಲ್ಲಿ ನಮ್ಮ ಕಡೆಯವರೆಲ್ಲ ನಿಲ್ಲುವುದು ಇದರ ಮುಂದೆ. ಕಾರ್ಬನ್ ಫೈಬರ್ ದೋಟಿ ಮಡಚಿ ಇಟ್ಟಾಗ ಕೈಗೆ ಎತ್ತಿದರೆ ಹಗುರ ಅನ್ನಿಸುತ್ತದೆ. ಅದೇ ಮೋಸ. ಪೂರ್ತಿ ಎಳೆಸಿ, ನೆಟ್ಟಗೆ ನಿಲ್ಲಿಸಿ, ನೀವೇ ಹಿಡಿದು ನೋಡಬೇಕು. ಮಾವ ಹಾಗೇ ಮಾಡಿದರು. ಮಾವನಿಗೆ ಎಪ್ಪತ್ತು ದಾಟಿದೆ. ಮಳಿಗೆಯ ಹುಡುಗ ಒಂದೊಂದೇ ಕೊಳವೆ ಎಳೆದು ಬೀಗ ತಿರುಗಿಸುತ್ತಾ ಹೋದ. ಅಡಿಕೆ ಮರ ಅಲ್ಲೆಲ್ಲಿ? ಹತ್ತಿರದ ಬೇವಿನ ಮರದ ತುದಿಯ ಒಂದೇ ಎಲೆಗೆ ತಾಗಿಸಿ ತೋರಿಸುತ್ತೇನೆ ಅಂತ ಮಾವ ಹಿಡಿದರು. ತುದಿ ಗಾಳಿಗೆ ಈ ಕಡೆ ಆ ಕಡೆ ತೂಗಿತು. ಕುತ್ತಿಗೆ ಹಿಂದಕ್ಕೆ ಬಾಗಿ, ಟೋಪಿ ಬಿದ್ದು, ಮೊಣಕೈ ನಡುಗಲು ಶುರುವಾಯಿತು. ಎರಡು ನಿಮಿಷ ಆಗಿರಲಿಲ್ಲ. ಹುಡುಗ, "ರೂಢಿ ಆಗ್ತದ್ರಿ ಅಜ್ಜಾರ" ಅಂದ. ಮಾವ ನಿಧಾನಕ್ಕೆ ಇಳಿಸಿ, ನನ್ನ ಕಡೆ ತಿರುಗಿ, "ತಂಗಿ, ಇದು ಮಾಣಿ ಹಿಡಿಯವು. ಯಂಗಲ್ಲ" ಅಂದರು, ಹುಡುಗರು ಹಿಡಿಯಬೇಕಾದ್ದು, ತನಗಲ್ಲ ಅಂತ. ಅವರ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಬೀಗವನ್ನು ಹತ್ತು ಸಲ ಹಾಕಿ ತೆಗೆದು ನೋಡಿ. ಒದ್ದೆ ಕೈಯಲ್ಲೂ ನೋಡಿ, ಮದ್ದು ಹೊಡೆಯುವಾಗ ಕೈ ಒಣಗಿರುವುದಿಲ್ಲ. ಸಿಂಪರಣೆ ಪಂಪಾದರೆ ಮೈಲುತುತ್ತ ಕಬ್ಬಿಣ ತಿನ್ನುತ್ತದೆ ಅನ್ನುವುದು ನೆನಪಿರಲಿ, ಒಳಗಿನ ಭಾಗ ಯಾವುದರದ್ದು ಅಂತ ಬಿಚ್ಚಿಸಿ ನೋಡಿ. ಇದಕ್ಕಿಂತ ದೊಡ್ಡ ಮಾತು ಕರೆಂಟಿನದ್ದು. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ನೋಡಲು ಪ್ಲಾಸ್ಟಿಕ್ಕಿನ ಹಾಗೆ ಕಂಡರೂ ಅದು ಪ್ಲಾಸ್ಟಿಕ್ ಅಲ್ಲ. ಅಲ್ಯೂಮಿನಿಯಂ ಕೊಳವೆಯಷ್ಟೇ ಅಪಾಯ. ತೋಟದ ಮೇಲೆ ಲೈನ್ ಹಾದುಹೋಗಿದ್ದರೆ ಆ ಸಾಲಿನ ಮರಗಳಿಗೆ ಈ ದೋಟಿ ಬೇಡವೇ ಬೇಡ. ಮಳಿಗೆಯಲ್ಲಿ ಇದನ್ನು ತಾವಾಗಿ ಹೇಳಿದವರನ್ನು ನಾನು ಕಾಣಲಿಲ್ಲ.

ಬೀಜ, ಸಸಿ

ಮೇಳದ ಜೊತೆಗೇ ಬೀಜ ಮಾರಾಟವೂ ಇರುತ್ತದೆ. ಹಿಂಗಾರಿಗೆ ಬೇಕಾದ ಕಡಲೆ, ಜೋಳ, ಗೋಧಿಗೆ ಬಯಲುಸೀಮೆಯವರ ದೊಡ್ಡ ಸರತಿ. ನಮಗೆ ಬೇಕಾದ್ದು ಹೆಸರು, ಉದ್ದು, ಅಲಸಂದೆ, ಶೇಂಗಾ, ಕೈತೋಟದ ತರಕಾರಿ.

ಚೀಲಕ್ಕೆ ಹೊಲಿದ ಚೀಟಿಯ ಬಣ್ಣ ನೋಡಿ. ಹಳದಿ ಇದ್ದರೆ ತಳಿ ಮಾಡಿದವರ ಬೀಜ, ಬಿಳಿ ಮೂಲ ಬೀಜ, ನೀಲಿ ಪ್ರಮಾಣಿತ ಬೀಜ. ಬಿತ್ತಿ ಬೆಳೆಯುವ ನಮಗೆ ನೀಲಿ ಸಾಕು. ಹಸಿರು ಚೀಟಿ ಅಂದರೆ ಗುಣಮಟ್ಟಕ್ಕೆ ಮಾರುವವರೇ ಜವಾಬ್ದಾರಿ, ಪ್ರಮಾಣೀಕರಣ ಆಗಿಲ್ಲ ಅಂತ. ಪರೀಕ್ಷೆಯ ತಾರೀಖೂ ಇರುತ್ತದೆ, ಅಲ್ಲಿಂದ 9 ತಿಂಗಳವರೆಗೆ ಪ್ರಮಾಣಪತ್ರಕ್ಕೆ ಬೆಲೆ. ರಸೀದಿ ಇಟ್ಟುಕೊಳ್ಳಿ. ಮೊಳಕೆ ಬಾರದಿದ್ದರೆ ರಸೀದಿ, ಚೀಟಿ ಎರಡೂ ಬೇಕು.

ಸಸಿಯ ಮಾತು ಬೇರೆ. ಅಡಿಕೆ ಸಸಿ, ಮೆಣಸಿನ ಬಳ್ಳಿಯನ್ನು ಅಲ್ಲಿಂದ ತರುವುದು ನನಗೆ ಇಷ್ಟವಿಲ್ಲ. ಎಲ್ಲಿಯದೋ ಮಣ್ಣಿನ ಜೊತೆ ಸೊರಗು ರೋಗ ಮನೆಗೆ ಬಂದರೆ ಆಮೇಲೆ ಕಳಿಸಲು ಆಗುವುದಿಲ್ಲ. ಮಾವಿನ ಕಸಿ ಗಿಡ ಆಸೆಯಾದರೆ ಕಸಿಯ ಗಂಟು ನೋಡಿ. ಗಂಟು ಮಣ್ಣಿಗಿಂತ ಮೇಲೆ ಇರಬೇಕು, ಪೂರ್ತಿ ಕೂಡಿರಬೇಕು, ಅದರ ಕೆಳಗೆ ಚಿಗುರು ಬಂದಿದ್ದರೆ ಅದು ಕಸಿಯದ್ದಲ್ಲ, ಬುಡದ ಕಾಡು ಗಿಡದ್ದು. ಚೀಲದ ತಳದಲ್ಲಿ ಬೇರು ಸಿಂಬೆ ಸುತ್ತಿಕೊಂಡಿದ್ದರೆ ಬಿಡಿ. ಸೆಪ್ಟೆಂಬರಿನಲ್ಲಿ ನೆಟ್ಟದ್ದಕ್ಕೆ ಬೇಸಿಗೆ ಪೂರ್ತಿ ನೀರು ಹೊರಬೇಕು, ಅದನ್ನೂ ಯೋಚಿಸಿ. ಕರಿ ಇಶಾಡಿನ ಕಸಿಯನ್ನು ಧಾರವಾಡದಲ್ಲಿ ಹುಡುಕಬೇಡಿ, ಅದಕ್ಕೆ ಅಂಕೋಲೆಯೇ ಸರಿ.

ಮಕ್ಕಳಿಗೆ

ಕೀಟ ಪ್ರಪಂಚ, ಅಂದರೆ ಕೀಟಗಳ ಪ್ರದರ್ಶನ. ಇದೊಂದಕ್ಕೆ ಮಕ್ಕಳು ಮರುವರ್ಷ ಮತ್ತೆ ಕರೆದುಕೊಂಡು ಹೋಗು ಅನ್ನುತ್ತವೆ. ಸರತಿ ಉದ್ದ, ಬೆಳಿಗ್ಗೆಯೇ ನಿಂತುಬಿಡಿ. ಒಳಗೆ ಅವಸರ ಮಾಡಿಸಬೇಡಿ. ಮಗ ಕಡ್ಡಿ ಹುಳದ ಮುಂದೆ ನಿಂತವನು ಜರುಗಲಿಲ್ಲ. ಕೀಟಗಳಲ್ಲಿ ಉದ್ದದ್ದು ಅದರ ಜಾತಿಯೇ ಅಂತ ಅವನ ಪ್ರಶ್ನೆಗೆ ಉತ್ತರವೂ ಅಲ್ಲೇ ಆಯಿತು. ಹೊರಗೆ ಬಂದ ಮೇಲೆ ಒಂದು ಗಂಟೆ ನೆಲದ ಮೇಲಿನ ಎಲ್ಲ ಕಡ್ಡಿಯನ್ನೂ ಮುಟ್ಟಿ ಪರೀಕ್ಷೆ ಮಾಡಿದ. ಜೇನಿನ ಪೆಟ್ಟಿಗೆ ನೋಡಿದ ಮಗಳು ಮಾತ್ರ, "ಇದು ನಮ್ಮನೆ ಹಿತ್ತಲಲ್ಲೂ ಇದ್ದು" ಅಂತ ಮುಖ ತಿರುಗಿಸಿದಳು.

ಹೂವಿನ ಪ್ರದರ್ಶನ ಅಜ್ಜಿಯಂದಿರಿಗೆ, ಫೋಟೊ ತೆಗೆಯುವವರಿಗೆ. ಅರ್ಧ ಗಂಟೆ ಸಾಕು. ದನ, ಕುರಿ, ಕೋಳಿ ನೋಡುವಾಗ ಸಣ್ಣ ಮಕ್ಕಳನ್ನು ಎತ್ತಿಕೊಳ್ಳಿ, ಬಯಲುಸೀಮೆಯ ಎತ್ತಿನ ಕೊಂಬು ನಮ್ಮ ಮಲೆನಾಡು ಗಿಡ್ಡದ ಹಾಗಲ್ಲ.

ಊಟ, ವಿಶ್ರಾಂತಿ

ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅಲ್ಲಿಗೆ ಹೋಗಿ ಅನ್ನ ಸಾರು ಹುಡುಕುವುದು ತಪ್ಪು. ಹನ್ನೆರಡೂವರೆಗೇ ಉಂಡುಬಿಡಿ, ಒಂದೂವರೆಗೆ ಜಾಗ ಸಿಗುವುದಿಲ್ಲ. ಚಟ್ನಿ ಖಾರ, ಮಕ್ಕಳಿಗೆ ಮೊಸರು ಮೊದಲು ಹಾಕಿಸಿ. ಮಿರ್ಚಿ, ಗಿರಮಿಟ್ ಸಂಜೆಗೆ.

ವಯಸ್ಸಾದವರು ಕೂರಲು ಚರ್ಚೆ, ಭಾಷಣ ನಡೆಯುವ ಪೆಂಡಾಲಿಗೆ ಹೋಗಲಿ. ಕುರ್ಚಿ, ನೆರಳು, ಫ್ಯಾನು ಮೂರೂ ಇರುತ್ತದೆ. ಅತ್ತೆ ಅಲ್ಲಿ ಕೂತು ಅರ್ಧ ಗಂಟೆ ನಿದ್ದೆ ತೆಗೆದರು. ಎದ್ದಾಗ ವೇದಿಕೆಯಲ್ಲಿ ಒಬ್ಬರು ರೈತ ಮಹಿಳೆ ತಾನು ರೊಟ್ಟಿ ಮಾಡಿ ಮಾರಿ ಸಾಲ ತೀರಿಸಿದ್ದನ್ನು ಹೇಳುತ್ತಿದ್ದರಂತೆ. ಇಡೀ ಮೇಳದಲ್ಲಿ ಅತ್ತೆಗೆ ಈಗಲೂ ನೆನಪಿರುವುದು ಅದು.

ಹೊರಡುವುದು, ಮನೆಗೆ ಬಂದ ಮೇಲೆ

ನಾಲ್ಕಕ್ಕೆ ಹೊರಟುಬಿಡಿ. ಐದರ ಮೇಲೆ ಗೇಟಿನಿಂದ ರಸ್ತೆಗೆ ಬರಲೇ ಮುಕ್ಕಾಲು ಗಂಟೆ. ಪೇಡೆ ಬೇಕೇ ಬೇಕು ಅಂದರೆ ಲೈನ್ ಬಜಾರಿಗೆ ಹೋಗಬೇಕು, ಅದಕ್ಕೆ ಇನ್ನೊಂದು ಅರ್ಧ ಗಂಟೆ ಇಟ್ಟುಕೊಳ್ಳಿ. ಕಾಡಿನ ರಸ್ತೆಯಲ್ಲಿ ಮಳೆ, ಕತ್ತಲೆ, ಮಂಜು ಮೂರೂ ಸೇರುವ ಮೊದಲು ಯಲ್ಲಾಪುರವೋ ಮುಂಡಗೋಡವೋ ದಾಟಿದ್ದರೆ ನಿಶ್ಚಿಂತೆ. ಘಟ್ಟ ಇಳಿಯುವ ಕರಾವಳಿಯವರು ಇನ್ನೂ ಅರ್ಧ ಗಂಟೆ ಮೊದಲು ಹೊರಡಿ.

ಆ ರಾತ್ರಿಯೇ ಚೀಲ ಬಿಚ್ಚಬೇಡಿ, ಯಾರಿಗೂ ಶಕ್ತಿ ಇರುವುದಿಲ್ಲ. ಆದರೆ ಮೂರು ದಿನದೊಳಗೆ ನೋಟ್‌ಬುಕ್ ತೆಗೆದು ಪ್ರಶ್ನೆಯ ಎದುರಿಗೆ ಉತ್ತರ ಬರೆದುಬಿಡಿ. ತಡವಾದರೆ ಅಕ್ಷರ ನಮ್ಮದೇ ಆದರೂ ಓದಲಾಗುವುದಿಲ್ಲ. ಬಣ್ಣದ ಕಾಗದಗಳಲ್ಲಿ ಬೇಕಾದ ನಾಲ್ಕನ್ನು ಇಟ್ಟುಕೊಂಡು ಉಳಿದದ್ದು ಬಚ್ಚಲ ಒಲೆಗೆ. ಉತ್ತರ ಸಿಗದ ಪ್ರಶ್ನೆ ಇದ್ದರೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹಿಡಿದುಕೊಂಡು ಹೋಗಿ.

ಚಪ್ಪಲಿಗೆ ಹತ್ತಿದ ಎರೆಮಣ್ಣನ್ನು ನೀರು ಹಾಕಿ ತೊಳೆಯಬೇಡಿ. ಇನ್ನೂ ಅಂಟುತ್ತದೆ, ಬಚ್ಚಲ ಕೊಳವೆಯೂ ಕಟ್ಟಿಕೊಳ್ಳುತ್ತದೆ. ಜಗಲಿಯ ಮೂಲೆಯಲ್ಲಿ ಎರಡು ದಿನ ಒಣಗಲು ಬಿಟ್ಟರೆ ತಾನಾಗಿ ಬಿರಿದು ಹೆಂಟೆ ಹೆಂಟೆಯಾಗಿ ಕಳಚಿ ಬೀಳುತ್ತದೆ. ನಮ್ಮನೆಯಲ್ಲಿ ಅದನ್ನು ಮಾವ ಹೆಕ್ಕಿ ದಾಸವಾಳದ ಬುಡಕ್ಕೆ ಹಾಕಿದ್ದಾರೆ.